ಚೈನು ಓಡಿಸುವ ಮೊದಲು ಕೊಂಡಿ ಎಣಿಸಿ

"ಮೇಡಂ, ವಿಡಿಯೊ ಏನೋ ಚೆನ್ನಾಗಿದೆ. ಆದ್ರೆ ಇದು ಚೈನಲ್ಲ, ಬೆಲ್ಟು."

ಹೀಗೆಂದದ್ದು ಮಾಲೀಕರಲ್ಲ, ಅವರ ಹಿಂದೆ ನಿಂತು ಹಳೇ ಬನಿಯನ್ ಬಟ್ಟೆಯಲ್ಲಿ ಕೈಯೊರೆಸಿಕೊಳ್ಳುತ್ತಿದ್ದ ಫಿಟ್ಟರ್ ಅಣ್ಣ. ಶಿವಮೊಗ್ಗದ ಹತ್ತಿರ ಒಂದು ಸಣ್ಣ ವರ್ಕ್‌ಶಾಪು. ಅಡಿಕೆ ಸುಲಿಯುವ ಯಂತ್ರ ಮಾಡುತ್ತಾರೆ. ಕೃಷಿ ಮೇಳದ ಸ್ಟಾಲಿನಲ್ಲಿ ಟಿವಿಗೆ ಹಾಕಲು ಮೂವತ್ತು ಸೆಕೆಂಡಿನ ಆನಿಮೇಷನ್ ಬೇಕೆಂದಿದ್ದರು. ಯಂತ್ರದ ಡ್ರಾಯಿಂಗ್ ಎಲ್ಲ ನಾನೇ ಮಾಡಿಕೊಟ್ಟಿದ್ದರಿಂದ ಮಾಡೆಲ್ ಕೈಯಲ್ಲೇ ಇತ್ತು. ಎರಡು ರಾತ್ರಿಯ ಕೆಲಸ ಎಂದುಕೊಂಡು ಒಪ್ಪಿಕೊಂಡೆ. ಹಾಪರ್, ಬ್ಲೇಡು, ಮೋಟಾರು ಎಲ್ಲ ಒಂದು ಸಂಜೆಯಲ್ಲಿ ಮುಗಿದವು. ಆ ಒಂದು ಚೈನು ಮಾತ್ರ ಹನ್ನೊಂದು ದಿನ ತಿಂದಿತು.

ಫಿಟ್ಟರ್ ಅಣ್ಣ ಹೇಳಿದ್ದು ನಿಜವಾಗಿತ್ತು. ಸ್ಪ್ರಾಕೆಟ್ಟಿನ (ಚೈನು ಕೂರುವ ಹಲ್ಲಿನ ಚಕ್ರ) ಸುತ್ತ ಒಂದು ಗೆರೆ ಎಳೆದು, ಆ ಗೆರೆಯ ಮೇಲೆ ಸಮ ಅಂತರದಲ್ಲಿ ಕೊಂಡಿಗಳನ್ನು ಜೋಡಿಸಿ, ಗೆರೆಯುದ್ದಕ್ಕೂ ಜಾರಿಸಿದ್ದೆ. ದೂರದಿಂದ ನೋಡಿದರೆ ಚೈನಿನ ಹಾಗೇ ಕಾಣುತ್ತಿತ್ತು. ಹತ್ತಿರ ಹೋದರೆ ರೋಲರುಗಳು ಹಲ್ಲಿನ ನಡುವೆ ಕೂರದೆ ತೇಲುತ್ತಿದ್ದವು, ತಿರುವಿನಲ್ಲಿ ಕೊಂಡಿಯ ಮೂತಿ ಆಚೆ ಚಾಚಿಕೊಂಡಿತ್ತು. ಬೆಲ್ಟು ಬಗ್ಗುತ್ತದೆ, ಚೈನು ಬಗ್ಗುವುದಿಲ್ಲ. ಗಟ್ಟಿ ಕಡ್ಡಿಗಳು ಪಿನ್ನಿನ ಹತ್ತಿರ ಮಾತ್ರ ತಿರುಗುತ್ತವೆ. ಇದನ್ನು ಮರೆತು ಮಾಡಿದ ಯಾವ ಆನಿಮೇಷನ್ನೂ ಫಿಟ್ಟರ್ ಕಣ್ಣನ್ನು ದಾಟುವುದಿಲ್ಲ.

ಆ ಹನ್ನೊಂದು ದಿನದಲ್ಲಿ ಕಲಿತದ್ದನ್ನು ನೀವು ಒಂದು ಭಾನುವಾರದಲ್ಲಿ ಮಾಡುವ ಹಾಗೆ ಬರೆಯುತ್ತಿದ್ದೇನೆ. ನಾನು ಬಳಸುವುದು ಫ್ರೀಕ್ಯಾಡ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರು. ಉಚಿತ, ಜೊತೆಗೆ ಪ್ರೋಗ್ರಾಮ್ ಬರೆಯಲು ಒಳಗೇ ಪೈಥಾನ್ ಭಾಷೆ ಇದೆ. ಲೆಕ್ಕ ಮಾತ್ರ ಯಾವ ಸಾಫ್ಟ್‌ವೇರಿಗಾದರೂ ಒಂದೇ.

ಮೊದಲು ಕಾಗದದ ಮೇಲೆ

ಕಂಪ್ಯೂಟರ್ ಆನ್ ಮಾಡುವ ಮುಂಚೆ ಮೂರು ಸಂಖ್ಯೆ ಬರೆದುಕೊಳ್ಳಿ: ಪಿಚ್ (ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ), ಎರಡು ಸ್ಪ್ರಾಕೆಟ್ಟಿನ ಹಲ್ಲುಗಳ ಲೆಕ್ಕ, ಶಾಫ್ಟಿನಿಂದ ಶಾಫ್ಟಿಗೆ ಇರುವ ದೂರ. ನನ್ನ ಯಂತ್ರದಲ್ಲಿ ಗೇರ್ ಮೋಟಾರಿನಿಂದ ಅಡಿಕೆ ಏರಿಸುವ ಎಲಿವೇಟರಿನ ಶಾಫ್ಟಿಗೆ ಅರ್ಧ ಇಂಚಿನ ಚೈನು. ಕ್ಯಾಟಲಾಗಿನಲ್ಲಿ 08ಬಿ ಎಂದಿರುತ್ತದೆ. ಪಿಚ್ 12.7 ಮಿ.ಮೀ., ರೋಲರಿನ ವ್ಯಾಸ 8.51, ಪಿನ್ನಿನ ವ್ಯಾಸ 4.45, ಒಳ ಪ್ಲೇಟುಗಳ ನಡುವಿನ ಅಗಲ 7.75. ಚಿಕ್ಕ ಸ್ಪ್ರಾಕೆಟ್ಟಿಗೆ 17 ಹಲ್ಲು, ದೊಡ್ಡದಕ್ಕೆ 38. ಡ್ರಾಯಿಂಗಿನಲ್ಲಿ ಸೆಂಟರ್ ದೂರ 400 ಎಂದು ಹಾಕಿದ್ದೆ, ದುಂಡು ಸಂಖ್ಯೆ ಅಂತ.

ಆ ದುಂಡು ಸಂಖ್ಯೆಯೇ ಮೊದಲ ತಪ್ಪು. ಚೈನಿನ ಉದ್ದವನ್ನು ಕೊಂಡಿಗಳಲ್ಲಿ ಎಣಿಸುವ ಸೂತ್ರ ಡಿಪ್ಲೊಮಾದಲ್ಲಿ ಎಲ್ಲರೂ ಬರೆದದ್ದೇ: ಸೆಂಟರ್ ದೂರದ ಎರಡರಷ್ಟನ್ನು ಪಿಚ್‌ನಿಂದ ಭಾಗಿಸಿ, ಅದಕ್ಕೆ ಹಲ್ಲುಗಳ ಮೊತ್ತದ ಅರ್ಧ ಕೂಡಿಸಿ. ಆಮೇಲೆ ಹಲ್ಲುಗಳ ವ್ಯತ್ಯಾಸವನ್ನು ಎರಡು ಪೈ ಇಂದ ಭಾಗಿಸಿ, ವರ್ಗ ಮಾಡಿ, ಪಿಚ್‌ನಿಂದ ಗುಣಿಸಿ, ಸೆಂಟರ್ ದೂರದಿಂದ ಭಾಗಿಸಿ ಅದನ್ನೂ ಕೂಡಿಸಿ. 400ಕ್ಕೆ ಬರುವ ಉತ್ತರ 90.85 ಕೊಂಡಿ. ಮುಕ್ಕಾಲು ಚಿಲ್ಲರೆ ಕೊಂಡಿ ಅಂಗಡಿಯಲ್ಲಿ ಸಿಗುವುದಿಲ್ಲ. 91ಕ್ಕೆ ಏರಿಸಿದರೂ ಆಗದು. ಒಳಕೊಂಡಿ, ಹೊರಕೊಂಡಿ ಒಂದಾದ ಮೇಲೊಂದು ಬರಬೇಕಾದ್ದರಿಂದ ಒಟ್ಟು ಸಮಸಂಖ್ಯೆಯೇ ಆಗಬೇಕು. ಬೆಸ ಬಂದರೆ ಒಂದು ತುದಿ ಒಳಕೊಂಡಿಯ ಹಾಗೆ, ಇನ್ನೊಂದು ಹೊರಕೊಂಡಿಯ ಹಾಗೆ ಇರುವ ಅರ್ಧ ಕೊಂಡಿ ಹಾಕಬೇಕು, ಅದನ್ನು ಯಾವ ಫಿಟ್ಟರೂ ಇಷ್ಟಪಡುವುದಿಲ್ಲ. ಹಾಗಾಗಿ 92 ಎಂದು ನಿಗದಿ ಮಾಡಿ ಸೂತ್ರವನ್ನು ಹಿಂದುಮುಂದಾಗಿ ಬಿಡಿಸಿದರೆ ಸೆಂಟರ್ ದೂರ 407.36 ಮಿ.ಮೀ. ಬರುತ್ತದೆ.

ನಿಜವಾದ ಯಂತ್ರದಲ್ಲಿ ಮೋಟಾರಿನ ಬೋಲ್ಟು ಸಡಿಲಿಸಿ ಹಿಂದೆ ಎಳೆದು ಫಿಟ್ಟರ್ ಇದೇ ಕೆಲಸ ಮಾಡುತ್ತಾರೆ. ಅದಕ್ಕೇ ಬೇಸ್ ಪ್ಲೇಟಿನಲ್ಲಿ ಉದ್ದ ಸ್ಲಾಟು ಇರುವುದು. ನಿಮ್ಮ ಮಾಡೆಲಿನಲ್ಲೂ ಮೋಟಾರನ್ನು ಹಿಂದೆ ಎಳೆಯಿರಿ. ಕೊಂಡಿಗಳ ಲೆಕ್ಕ ಹೊಂದದೆ ಆನಿಮೇಷನ್‌ಗೆ ಕೈ ಹಾಕಿದರೆ ಕೊನೆಯ ಕೊಂಡಿ ಮೊದಲನೆಯದನ್ನು ಮುಟ್ಟುವುದಿಲ್ಲ, ಇಲ್ಲವೇ ಅದರ ಮೇಲೇರಿ ಕೂರುತ್ತದೆ. ಆಮೇಲೆ ಎಷ್ಟು ಒದ್ದಾಡಿದರೂ ಅಷ್ಟೇ.

ಇನ್ನೊಂದು ಸಂಖ್ಯೆ: ಪಿಚ್ ವೃತ್ತದ ವ್ಯಾಸ. ಪಿಚ್ ಅನ್ನು, 180 ಡಿಗ್ರಿಯನ್ನು ಹಲ್ಲುಗಳಿಂದ ಭಾಗಿಸಿ ಬಂದ ಕೋನದ ಸೈನ್‌ನಿಂದ ಭಾಗಿಸಬೇಕು. 17 ಹಲ್ಲಿಗೆ 69.12 ಮಿ.ಮೀ., 38 ಹಲ್ಲಿಗೆ 153.79. ರೋಲರಿನ ಮಧ್ಯಬಿಂದು ಓಡಾಡುವುದು ಈ ವೃತ್ತದ ಮೇಲೆ.

ಸಾಲಿಡ್‌ವರ್ಕ್ಸ್ ಇದ್ದವರಿಗೆ ಎರಡು ಮಾತು

ಅದೂ ಇಂಥದ್ದೇ ಡ್ರಾಯಿಂಗ್ ಸಾಫ್ಟ್‌ವೇರು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಆರು ವರ್ಷ ಅದರಲ್ಲೇ ಕೈ ಪಳಗಿಸಿಕೊಂಡವಳು ನಾನು. 2015ರ ಆವೃತ್ತಿಯಿಂದ ಅದರಲ್ಲಿ ಚೈನ್ ಕಾಂಪೊನೆಂಟ್ ಪ್ಯಾಟರ್ನ್ ಎಂಬ ಸೌಲಭ್ಯ ಇದೆ. ಅದರಲ್ಲಿ ಮೂರು ಬಗೆ. ನಮಗೆ ಬೇಕಾದ್ದು ಕನೆಕ್ಟೆಡ್ ಲಿಂಕೇಜ್. ಕೊಂಡಿಯ ಎರಡು ತೂತುಗಳನ್ನು ತೋರಿಸಿದರೆ ಎರಡೂ ದಾರಿಯ ಮೇಲೆ ಕೂರುವ ಹಾಗೆ ಅದೇ ಜೋಡಿಸುತ್ತದೆ, ಕೈಯಲ್ಲಿ ಒಂದು ಕೊಂಡಿ ಎಳೆದರೆ ಇಡೀ ಚೈನು ಹಿಂಬಾಲಿಸುತ್ತದೆ. ದಾರಿಗೆ ಬೇಕಾದ ಸ್ಕೆಚ್ಚನ್ನು ಬೆಲ್ಟ್/ಚೈನ್ ಫೀಚರ್ ತಾನೇ ಬಿಡಿಸಿಕೊಡುತ್ತದೆ.

ಎಚ್ಚರ ಬೇಕಿರುವುದು ಒಂದೇ ಕಡೆ. ಆ ಫೀಚರಿನಲ್ಲಿ ಬೆಲ್ಟಿನ ಉದ್ದ ಕೊಟ್ಟು ಸೆಂಟರ್ ದೂರವನ್ನು ಅದಕ್ಕೆ ತಕ್ಕಂತೆ ಸರಿಸಬಹುದು. ನಾನು ಹಿಂದೊಮ್ಮೆ ಇಂಥದ್ದೇ ಒಂದು ಡ್ರೈವಿಗೆ ಕೊಂಡಿಗಳ ಸಂಖ್ಯೆಯನ್ನು ಪಿಚ್‌ನಿಂದ ಗುಣಿಸಿ ಅದನ್ನೇ ಉದ್ದ ಎಂದು ಕೊಟ್ಟಿದ್ದೆ. ಕೊನೆಯ ಕೊಂಡಿಯ ತೂತು ಪಿನ್ನಿಗೆ ಕೂರಲೇ ಇಲ್ಲ. ಇಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ 92 ಸಲ 12.7 ಅಂದರೆ 1168.4. ಆದರೆ ಪಿಚ್ ವೃತ್ತದ ಮೇಲೆ ಬಾಗಿ ಹೋಗುವ ದಾರಿಯ ಉದ್ದ 1169.27. ಕೊಂಡಿ ನೇರ ಹೋಗುತ್ತದೆ, ದಾರಿ ಬಾಗಿ ಹೋಗುತ್ತದೆ, ಬಿಲ್ಲಿನ ಹೆದೆಗೂ ಬಿಲ್ಲಿಗೂ ಇರುವ ವ್ಯತ್ಯಾಸ. ಚಿಕ್ಕ ಸ್ಪ್ರಾಕೆಟ್ಟಿನ ಮೇಲೆ 12.7ರ ಪ್ರತಿ ಕೊಂಡಿಯೂ 12.77 ಮಿ.ಮೀ. ದಾರಿ ನುಂಗುತ್ತದೆ. ಎಲ್ಲ ಕೂಡಿ 0.87. ಬೆಲ್ಟಿನ ಉದ್ದ ಕೇಳಿದಾಗ ಬಾಗಿದ ದಾರಿಯ ಉದ್ದವನ್ನೇ ಕೊಡಿ.

ಕೊಂಡಿ ಬಿಡಿಸುವಾಗ

ಎರಡೇ ಭಾಗ ಸಾಕು. ಒಳಕೊಂಡಿಯಲ್ಲಿ ಎರಡು ಪ್ಲೇಟು, ಎರಡು ಬುಶ್ (ಪಿನ್ನು ತೂರುವ ಕೊಳವೆ), ಎರಡು ರೋಲರ್. ಹೊರಕೊಂಡಿಯಲ್ಲಿ ಎರಡು ಪ್ಲೇಟು, ಎರಡು ಪಿನ್. 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನಾಲ್ಡ್ ಪೇಟೆಂಟ್ ಪಡೆದ ಬುಶ್ ರೋಲರ್ ಚೈನಿನಲ್ಲೂ ಇವೇ ಇದ್ದದ್ದು. ನಮ್ಮ ಮನೆಯ ಹಳೇ ಸೈಕಲ್ಲಿನಲ್ಲೂ ಇವೇ ಇವೆ. ಬಿಡಿಸುವ ಮುಂಚೆ ಒಂದು ಹಳೇ ಚೈನಿನ ತುಂಡು ತಂದು ಮೇಜಿನ ಮೇಲಿಟ್ಟುಕೊಳ್ಳಿ. ಚಿತ್ರ ನೋಡಿ ಕಲಿಯುವುದಕ್ಕಿಂತ ಕೈಯಲ್ಲಿ ಬಗ್ಗಿಸಿ ನೋಡಿದರೆ ಬೇಗ ತಲೆಗೆ ಹೋಗುತ್ತದೆ.

92 ಕೊಂಡಿ ಅಂದರೆ 46 ಒಳಗಿನವು, 46 ಹೊರಗಿನವು, ಒಟ್ಟು 460 ಬಿಡಿ ಭಾಗ. ಇವನ್ನೆಲ್ಲ ಬೇರೆ ಬೇರೆ ಪಾರ್ಟಾಗಿ ಅಸೆಂಬ್ಲಿಗೆ ತಂದು ಜಾಯಿಂಟ್ ಹಾಕಹೊರಟರೆ ನನ್ನ ಎಂಟು ಜಿಬಿ ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತದೆ. ಒಳಕೊಂಡಿಯ ಆರನ್ನೂ ಸೇರಿಸಿ ಒಂದೇ ಆಕಾರ ಮಾಡಿ, ಹೊರಕೊಂಡಿಯ ನಾಲ್ಕನ್ನೂ ಹಾಗೇ. ರೋಲರ್ ಬೇರೆಯಾಗಿ ತಿರುಗುವುದನ್ನು ಯಾರೂ ನೋಡುವುದಿಲ್ಲ. ಪ್ಲೇಟಿನ ಅಂಚಿನ ಫಿಲೆಟ್ಟು, ಪಿನ್ನಿನ ತುದಿಯ ರಿವೆಟ್ ಗುರುತು ಎಲ್ಲ ಬಿಟ್ಟುಬಿಡಿ.

ಎರಡು ವಿಷಯ ಮಾತ್ರ ಬಿಡಬೇಡಿ. ಒಂದು, ಕೊಂಡಿಯ ಮೂಲಬಿಂದು ಸರಿಯಾಗಿ ಮೊದಲ ಪಿನ್ನಿನ ನಡುವೆ, ಅಗಲದ ಮಧ್ಯದಲ್ಲಿ ಇರಬೇಕು. ಎರಡನೇ ಪಿನ್ನು ಎಕ್ಸ್ ಅಕ್ಷದ ಮೇಲೆ 12.7 ದೂರದಲ್ಲಿ. ಕೊಂಡಿಯ ನಡುಮಧ್ಯೆ ಮೂಲಬಿಂದು ಇಟ್ಟರೆ ಮುಂದಿನ ಲೆಕ್ಕವೆಲ್ಲ ದುಪ್ಪಟ್ಟು ತಲೆನೋವು. ಎರಡು, ಒಳ ಪ್ಲೇಟಿನ ಹೊರಮೈಯೂ ಹೊರ ಪ್ಲೇಟಿನ ಒಳಮೈಯೂ ಒಂದೇ ಮಟ್ಟದಲ್ಲಿ ಅಂಟಿಕೊಂಡಿರಬಾರದು. ಅಂಟಿಕೊಂಡರೆ ಎರಡು ಬಣ್ಣಗಳೂ ಒಂದರೊಳಗೊಂದು ಮಿನುಗುತ್ತವೆ, ಹಳೇ ಟ್ಯೂಬ್‌ಲೈಟಿನ ಹಾಗೆ. ಕ್ಯಾಟಲಾಗಿನಲ್ಲೇ ಒಳಕೊಂಡಿಯ ಹೊರ ಅಗಲ 11.30 ಇರುತ್ತದೆ, ಹೊರಕೊಂಡಿಯ ಒಳ ಅಗಲ ಅದಕ್ಕಿಂತ ಕೂದಲೆಳೆ ಹೆಚ್ಚು. ಆ ಕೂದಲೆಳೆಯನ್ನು ಉಳಿಸಿ.

ಸ್ಪ್ರಾಕೆಟ್ಟಿಗೆ ಫ್ರೀಕ್ಯಾಡಿನ ಪಾರ್ಟ್ ಡಿಸೈನಿನಲ್ಲೇ ಒಂದು ಬಟನ್ ಇದೆ, ಹಲ್ಲು ಮತ್ತು ಪಿಚ್ ಕೊಟ್ಟರೆ ಆಯಿತು. ದಪ್ಪ 7.2 ಇಡಿ. ಹಲ್ಲುಗಳ ನಡುವಿನ ತಗ್ಗು ಯಾವ ಕೋನದಲ್ಲಿದೆ ಎಂದು ಅಳೆದು ಬರೆದಿಟ್ಟುಕೊಳ್ಳಿ, ಮುಂದೆ ಬೇಕು.

ಮಿಲಿಮೀಟರ್ ಬಿಡಿ, ಪಿಚ್‌ನಲ್ಲಿ ಅಳೆಯಿರಿ

ಒಂಬತ್ತನೇ ದಿನ ಹೊಳೆದದ್ದು ಇದು. ಹೊಳೆದ ಜಾಗ ಅಡಿಗೆಮನೆ, ಕೈಯಲ್ಲಿ ಅಕ್ಕಿ ಅಳೆಯುವ ಪಾವು. ಅಕ್ಕಿಯನ್ನು ಯಾರೂ ಗ್ರಾಮಿನಲ್ಲಿ ಅಳೆದು ಅನ್ನಕ್ಕಿಡುವುದಿಲ್ಲ, ಪಾವಿನಲ್ಲಿ ಅಳೆಯುತ್ತೇವೆ. ಚೈನಿನ ದಾರಿಯನ್ನೂ ಚೈನಿನ ಪಾವಿನಲ್ಲೇ ಅಳೆದರೆ?

ದಾರಿಯಲ್ಲಿ ನಾಲ್ಕು ತುಂಡು ಇವೆ: ಮೇಲಿನ ನೇರ, ಚಿಕ್ಕ ಸ್ಪ್ರಾಕೆಟ್ಟಿನ ಸುತ್ತು, ಕೆಳಗಿನ ನೇರ, ದೊಡ್ಡ ಸ್ಪ್ರಾಕೆಟ್ಟಿನ ಸುತ್ತು. ನೇರ ದಾರಿಯಲ್ಲಿ ಒಂದು ಹೆಜ್ಜೆ ಅಂದರೆ 12.7 ಮಿ.ಮೀ. ಚಿಕ್ಕ ಸ್ಪ್ರಾಕೆಟ್ಟಿನ ಮೇಲೆ ಒಂದು ಹೆಜ್ಜೆ ಅಂದರೆ ಒಂದು ಹಲ್ಲು, 360ರ 17ನೇ ಒಂದು ಭಾಗ, 21.18 ಡಿಗ್ರಿ. ದೊಡ್ಡದರ ಮೇಲೆ 9.47 ಡಿಗ್ರಿ. ಹೀಗೆ ಅಳೆದಾಗ ಬಿಲ್ಲು, ಹೆದೆಯ ಜಗಳವೇ ಇಲ್ಲ. ಒಂದು ಹಲ್ಲಿನಿಂದ ಇನ್ನೊಂದಕ್ಕೆ ನೇರ ದೂರ ತಾನಾಗಿಯೇ 12.7, ಪಿಚ್ ವೃತ್ತವನ್ನು ಲೆಕ್ಕ ಹಾಕಿದ್ದೇ ಹಾಗೆ.

ಈಗ ಕೂಡಿಸೋಣ. ಎರಡು ತ್ರಿಜ್ಯಗಳ ವ್ಯತ್ಯಾಸ 42.335. ಅದನ್ನು 407.36ರಿಂದ ಭಾಗಿಸಿ ಸೈನ್‌ನ ವಿಲೋಮ ತೆಗೆದರೆ 5.965 ಡಿಗ್ರಿ. ಚೈನು ಇಷ್ಟು ಓರೆಯಾಗಿ ಹೋಗುತ್ತದೆ. ಚಿಕ್ಕ ಸ್ಪ್ರಾಕೆಟ್ಟನ್ನು ಅದು ಅಪ್ಪಿಕೊಳ್ಳುವುದು 180ರಲ್ಲಿ ಇದರ ಎರಡರಷ್ಟು ಕಳೆದು 168.07 ಡಿಗ್ರಿ, ಅಂದರೆ 7.937 ಹೆಜ್ಜೆ. ದೊಡ್ಡದನ್ನು 191.93 ಡಿಗ್ರಿ, 20.259 ಹೆಜ್ಜೆ. ಒಂದೊಂದು ನೇರ ತುಂಡು 31.902 ಹೆಜ್ಜೆ. ಕೂಡಿಸಿ ನೋಡಿ, 92. ಕಾಗದದ ಮೇಲೆ ಆ 92 ಬಂದಾಗ ಒಲೆಯ ಮೇಲಿನ ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ.

ಪ್ರೋಗ್ರಾಮಿಗೆ ಬೇಕಾದ್ದು ಒಂದೇ ಕೆಲಸದಾಳು (ಫಂಕ್ಷನ್): "ಇಷ್ಟನೇ ಹೆಜ್ಜೆಯಲ್ಲಿ ಪಿನ್ನು ಎಲ್ಲಿದೆ?" ಎಂದು ಕೇಳಿದರೆ ಎಕ್ಸ್, ವೈ ಹೇಳಬೇಕು. ಚಿಕ್ಕ ಸ್ಪ್ರಾಕೆಟ್ಟಿನ ಕೇಂದ್ರ ಸೊನ್ನೆಯಲ್ಲಿ, ದೊಡ್ಡದು ಬಲಕ್ಕೆ 407.36ರಲ್ಲಿ. ದೊಡ್ಡದರ ತಲೆಯ ಮೇಲೆ, 95.965 ಡಿಗ್ರಿಯಲ್ಲಿ ಚೈನು ಹಲ್ಲು ಬಿಡುವ ಜಾಗವೇ ಸೊನ್ನೆಯ ಹೆಜ್ಜೆ. ಅಲ್ಲಿಂದ ಎಡಕ್ಕೆ 31.902 ಹೆಜ್ಜೆವರೆಗೆ ಮೇಲಿನ ನೇರ. 39.839ರವರೆಗೆ ಚಿಕ್ಕ ಸ್ಪ್ರಾಕೆಟ್ಟಿನ ಸುತ್ತ, ಕೋನ 95.965ರಿಂದ 264.035ಕ್ಕೆ ಏರುತ್ತದೆ. 71.741ರವರೆಗೆ ಕೆಳಗಿನ ನೇರ, ಬಲಕ್ಕೆ. ಉಳಿದದ್ದು ದೊಡ್ಡದರ ಸುತ್ತ, ಮತ್ತೆ ಕೋನ ಏರುತ್ತಾ. ಹೆಜ್ಜೆ 92 ದಾಟಿದರೆ 92 ಕಳೆದು ಮತ್ತೆ ಮೊದಲಿಂದ. ನಾಲ್ಕು "ಹೀಗಿದ್ದರೆ" (ಇಫ್), ನಾಲ್ಕು ಸೂತ್ರ, ಇಪ್ಪತ್ತು ಸಾಲು ಮೀರುವುದಿಲ್ಲ. ಅಂದ ಹಾಗೆ ಪೈಥಾನಿನಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ನನ್ನ ಪ್ರೋಗ್ರಾಮಿನಲ್ಲಿ ಹಲ್ಲು, ಹೆಜ್ಜೆ, ಜರುಗು ಎಂದೇ ಇವೆ. ಆರು ತಿಂಗಳ ಮೇಲೆ ತೆರೆದರೂ ಅರ್ಥವಾಗುತ್ತದೆ.

ಇಲ್ಲಿ ಒಂದು ಸಣ್ಣ ಮೋಸ ಇದೆ, ಮುಚ್ಚಿಡುವುದಿಲ್ಲ. ಒಂದು ಕಾಲು ಹಲ್ಲಿನ ಮೇಲೆ, ಇನ್ನೊಂದು ಕಾಲು ನೇರ ದಾರಿಯಲ್ಲಿ ಇಟ್ಟ ಕೊಂಡಿಗೆ ಪಿನ್ನಿನಿಂದ ಪಿನ್ನಿಗೆ ದೂರ ಸರಿಯಾಗಿ 12.7 ಬರುವುದಿಲ್ಲ. ಎಷ್ಟು ತಪ್ಪುತ್ತದೆ ಎಂದು ಕೂತು ಲೆಕ್ಕ ಹಾಕಿದೆ: 17 ಹಲ್ಲಿನ ಹತ್ತಿರ ಹೆಚ್ಚೆಂದರೆ 0.016 ಮಿ.ಮೀ. ಟಿವಿಯಲ್ಲಲ್ಲ, ವರ್ನಿಯರ್ ಹಿಡಿದರೂ ಸಿಗದಷ್ಟು. ಹಲ್ಲು ಕಡಿಮೆಯಾದಷ್ಟೂ ಇದು ಬೆಳೆಯುತ್ತದೆ, ಒಂಬತ್ತು ಹತ್ತು ಹಲ್ಲಿನ ಸ್ಪ್ರಾಕೆಟ್ಟಾದರೆ ಮತ್ತೊಮ್ಮೆ ನೋಡಿಕೊಳ್ಳಿ.

ಕೊಂಡಿ ಕೂರಿಸುವುದು

ಪಿನ್ನುಗಳೆಲ್ಲ ಎಲ್ಲಿವೆ ಎಂದು ಗೊತ್ತಾದ ಮೇಲೆ ಕೊಂಡಿ ಕೂರಿಸುವುದು ಸುಲಭ. ಮೂಲಬಿಂದು ಈ ಪಿನ್ನಿನ ಮೇಲೆ, ಮುಖ ಮುಂದಿನ ಪಿನ್ನಿನ ಕಡೆಗೆ. ಸಮಸಂಖ್ಯೆಯ ಪಿನ್ನಿಗೆ ಒಳಕೊಂಡಿ, ಬೆಸಕ್ಕೆ ಹೊರಕೊಂಡಿ.

ಮುಂದಿನ ಪಿನ್ನಿನ ಕಡೆಗೆ ಎಂಬ ಮಾತನ್ನು ಇನ್ನೊಮ್ಮೆ ಓದಿ. ನನ್ನ ಮೊದಲ ವಿಡಿಯೊದಲ್ಲಿ ಕೊಂಡಿ ದಾರಿಯ ಸ್ಪರ್ಶರೇಖೆಯ ಕಡೆ ಮುಖ ಮಾಡಿತ್ತು. ಸಾಫ್ಟ್‌ವೇರುಗಳಲ್ಲಿ ದಾರಿಗುಂಟ ಜೋಡಿಸುವ ಮಾಮೂಲಿ ಆಜ್ಞೆಗಳು ಸಾಮಾನ್ಯವಾಗಿ ಹಾಗೇ ಮಾಡುತ್ತವೆ. ನೇರ ದಾರಿಯಲ್ಲಿ ಏನೂ ತೊಂದರೆಯಿಲ್ಲ. 17 ಹಲ್ಲಿನ ತಿರುವಿನಲ್ಲಿ ಮಾತ್ರ ಕೊಂಡಿಯ ಆ ತುದಿಯ ತೂತು ಕೂರಬೇಕಾದ ಪಿನ್ನಿನಿಂದ 2.3 ಮಿ.ಮೀ. ಆಚೆ ಹೋಗುತ್ತದೆ. ಪಿನ್ನೇ 4.45 ಇರುವಾಗ 2.3 ಅಂದರೆ ಅರ್ಧ ಪಿನ್ನು ಹೊರಗೆ. ಫಿಟ್ಟರ್ ಅಣ್ಣ ಬೆಲ್ಟು ಎಂದದ್ದು ಇದನ್ನೇ ನೋಡಿ.

ಫ್ರೀಕ್ಯಾಡಿನಲ್ಲಿ 46 ಕಾಪಿ ಮಾಡಬೇಡಿ. ಲಿಂಕ್ ಎಂಬುದು ಇದೆ. ಆಕಾರ ಒಂದೇ ಇದ್ದು ಅದನ್ನು 46 ಜಾಗದಲ್ಲಿ ತೋರಿಸುತ್ತದೆ. ಎಲಿಮೆಂಟ್ ಕೌಂಟ್ 46 ಎಂದು ಕೊಟ್ಟು, ಶೋ ಎಲಿಮೆಂಟ್ ಆಫ್ ಮಾಡಿ, ಪ್ಲೇಸ್‌ಮೆಂಟ್ ಲಿಸ್ಟಿಗೆ 46 ಸ್ಥಾನಗಳ ಪಟ್ಟಿಯನ್ನು ಒಂದೇ ಏಟಿಗೆ ಕೊಡಿ. ಒಳಕೊಂಡಿಗೊಂದು ಲಿಂಕ್, ಹೊರಕೊಂಡಿಗೊಂದು. ಪರದೆಯ ಪಕ್ಕ ಕಾಣುವ ಭಾಗಗಳ ಪಟ್ಟಿಯಲ್ಲಿ (ಟ್ರೀ) 92 ಸಾಲಿನ ಬದಲು ಎರಡೇ ಸಾಲು. ನನ್ನ ಲ್ಯಾಪ್‌ಟಾಪಿನ ಫ್ಯಾನು ಅಂದಿನಿಂದ ತಣ್ಣಗಿದೆ.

ಸ್ಪ್ರಾಕೆಟ್ಟು ತಿರುಗಿಸಲು ಗೇರ್ ಜಾಯಿಂಟ್ ಏನೂ ಬೇಡ. ಶುರುವಿನಲ್ಲಿ ಅದರ ಮೇಲೆ ಕೂತಿರುವ ಯಾವುದಾದರೂ ಒಂದು ಪಿನ್ನಿನ ಕೋನ ಕೇಳಿ, ತಗ್ಗು ಆ ಕೋನಕ್ಕೆ ಬರುವ ಹಾಗೆ ಸ್ಪ್ರಾಕೆಟ್ಟನ್ನು ಒಮ್ಮೆ ತಿರುಗಿಸಿ. ಆಮೇಲೆ ಚೈನು ಒಂದು ಹೆಜ್ಜೆ ಜರುಗಿದಾಗಲೆಲ್ಲ ಚಿಕ್ಕದಕ್ಕೆ 21.18, ದೊಡ್ಡದಕ್ಕೆ 9.47 ಡಿಗ್ರಿ ಕೂಡಿಸುತ್ತಾ ಹೋದರೆ ಮುಗಿಯಿತು. ದಶಮಾಂಶವನ್ನು ಮೊಟಕು ಮಾಡದೆ 360 ಭಾಗ 17 ಎಂದೇ ಬರೆಯಿರಿ, ಇಲ್ಲದಿದ್ದರೆ ನೂರಾರು ಹೆಜ್ಜೆಗಳ ಮೇಲೆ ಹಲ್ಲು ರೋಲರನ್ನು ಕಚ್ಚುತ್ತದೆ.

ಕಾಂಟ್ಯಾಕ್ಟ್ ಸಿಮ್ಯುಲೇಷನ್ ಹಾಕಿ ನಿಜವಾಗಿಯೇ ಹಲ್ಲು ರೋಲರನ್ನು ತಳ್ಳುವ ಹಾಗೆ ಮಾಡಬಾರದೇ ಎಂದು ಕೇಳುವವರಿದ್ದಾರೆ. ಸೆಳೆತ, ಕಂಪನ ಲೆಕ್ಕ ಹಾಕಬೇಕಿದ್ದರೆ ಮಾಡಿ. ಸ್ಟಾಲಿನ ಟಿವಿಗೆ ಬೇಡ.

ಜೋಲು

ಇಷ್ಟಾದ ಮೇಲೆ ನೋಡಿದರೆ ಚೈನು ಸರಿಯಾಗಿದೆ, ಆದರೆ ಜೀವವಿಲ್ಲ. ಮೇಲೂ ಕೆಳಗೂ ತಂತಿಯ ಹಾಗೆ ಬಿಗಿ. ನಿಜವಾದ ಚೈನಿನಲ್ಲಿ ಎಳೆಯುವ ಕಡೆ ಬಿಗಿ, ಇನ್ನೊಂದು ಕಡೆ ಸ್ವಲ್ಪ ಜೋಲು. ಸೆಂಟರ್ ದೂರದ ನೂರಕ್ಕೆ ಎರಡರಷ್ಟು ಎಂದು ಹಿಡಿಯಿರಿ, ಇಲ್ಲಿ 8 ಮಿ.ಮೀ.

ಯಾವ ಕಡೆ ಎಂಬುದು ಮುಖ್ಯ. ಓಡಿಸುವ ಸ್ಪ್ರಾಕೆಟ್ಟಿನೊಳಗೆ ಬರುವ ಕಡೆಯೇ ಬಿಗಿ ಕಡೆ. ನಾನು ಮೇಲಿನ ನೇರವನ್ನು ದೊಡ್ಡದರಿಂದ ಚಿಕ್ಕದಕ್ಕೆ ಓಡಿಸಿದ್ದು ಅದಕ್ಕೇ. ಮೋಟಾರಿನ ಚಿಕ್ಕ ಸ್ಪ್ರಾಕೆಟ್ಟು ಮೇಲಿಂದ ಎಳೆದುಕೊಳ್ಳುತ್ತದೆ, ಜೋಲು ಕೆಳಗೆ ಬೀಳುತ್ತದೆ. ಉಲ್ಟಾ ಮಾಡಿದರೆ ಜೋಲು ಮೇಲೆ ಬರುತ್ತದೆ, ಆಗ ಗೊತ್ತಿದ್ದವರು ನಗುತ್ತಾರೆ.

ಮಾಡುವುದು ಹೀಗೆ: ಕೆಳಗಿನ ನೇರದಲ್ಲಿ ಪಿನ್ನು ಎಷ್ಟು ದೂರ ಬಂದಿದೆ ಎಂಬುದನ್ನು 0ಯಿಂದ 180 ಡಿಗ್ರಿಗೆ ಹೊಂದಿಸಿ, ಅದರ ಸೈನ್ ತೆಗೆದು ವರ್ಗ ಮಾಡಿ, 8ರಿಂದ ಗುಣಿಸಿ, ಅಷ್ಟು ಕೆಳಗಿಳಿಸಿ. ತೂಗುವ ಸರಪಳಿಯ ನಿಜ ಆಕಾರ ಇದಲ್ಲ ಎಂದು ಗಣಿತದ ಮೇಷ್ಟ್ರು ಕಿವಿ ಹಿಂಡಬಹುದು. ಆದರೆ ಆ ನಿಜ ಆಕಾರ ಸ್ಪ್ರಾಕೆಟ್ಟು ಸೇರುವಲ್ಲಿ ಸಣ್ಣ ಮುರುಕು ಬಿಡುತ್ತದೆ, ಇದು ಎರಡೂ ತುದಿಯಲ್ಲಿ ನಯವಾಗಿ ಕೂಡುತ್ತದೆ. ಕೆಳಗಿಳಿದ ಕಾರಣ ದಾರಿ ಎಷ್ಟು ಉದ್ದವಾಯಿತು? ಒಟ್ಟು 0.39 ಮಿ.ಮೀ. ಮೂವತ್ತೆರಡು ಕೊಂಡಿ ಹಂಚಿಕೊಂಡರೆ ತಲೆಗೆ 0.012. ಬಿಡಿ.

ಒಂಬತ್ತೇ ಚಿತ್ರ

ಈಗ ಓಡಿಸಬೇಕು. ಮಾಲೀಕರು ಹೇಳಿದ್ದು, ಚಿಕ್ಕ ಸ್ಪ್ರಾಕೆಟ್ಟು ನಿಮಿಷಕ್ಕೆ 60 ಸುತ್ತು, ವಿಡಿಯೊದಲ್ಲೂ ಅಷ್ಟೇ ಇರಲಿ. ಇಟ್ಟು ನೋಡಿದೆ. ಸೆಕೆಂಡಿಗೆ 25 ಚಿತ್ರ. ಒಂದು ಚಿತ್ರದಿಂದ ಇನ್ನೊಂದಕ್ಕೆ ಚೈನು 8.64 ಮಿ.ಮೀ., ಅಂದರೆ ಒಂದು ಹಲ್ಲಿನ ನೂರಕ್ಕೆ 68ರಷ್ಟು ಜರುಗುತ್ತದೆ. ಹಲ್ಲುಗಳೆಲ್ಲ ಒಂದೇ ಥರ ಇರುವುದರಿಂದ ಕಣ್ಣಿಗೆ ಅದು 68 ಮುಂದೆ ಹೋದ ಹಾಗಲ್ಲ, 32 ಹಿಂದೆ ಬಂದ ಹಾಗೆ ಕಾಣುತ್ತದೆ. ಪ್ಲೇಟುಗಳಲ್ಲಿ ಒಳಗಿನದು ಹೊರಗಿನದು ಬೇರೆ ಬೇರೆ, ಎರಡು ಪಿಚ್‌ಗೊಮ್ಮೆ ಮರುಕಳಿಸುತ್ತವೆ, ಅವು ಮುಂದೆಯೇ ಹೋಗುತ್ತವೆ. ಚೈನು ಮುಂದಕ್ಕೆ, ಸ್ಪ್ರಾಕೆಟ್ಟು ಹಿಂದಕ್ಕೆ! ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದೆ ತಿರುಗುವುದು ಇದೇ ಕಾರಣಕ್ಕೆ.

ಒಂದು ಚಿತ್ರಕ್ಕೆ ಅರ್ಧ ಪಿಚ್ ಮೀರಲೇಬಾರದು. ಕಾಲು ಪಿಚ್, ಸುಮಾರು 3 ಮಿ.ಮೀ. ಒಳಗಿದ್ದರೆ ಕಣ್ಣಿಗೆ ಹಿತ. ಮಾಲೀಕರಿಗೆ ಮೂರರಲ್ಲೊಂದು ವೇಗ ಎಂದು ಒಪ್ಪಿಸಿದೆ. ಯಂತ್ರ ನಿಧಾನ ಎಂದು ಗಿರಾಕಿ ತಿಳಿದುಕೊಂಡರೆ ಎಂಬ ಚಿಂತೆ ಅವರಿಗೆ. ಕೊನೆಗೆ ಮೂಲೆಯಲ್ಲಿ "ಅರ್ಥವಾಗಲೆಂದು ನಿಧಾನಿಸಿ ತೋರಿಸಲಾಗಿದೆ" ಎಂದು ಬರೆದೆವು.

ಎರಡು ಪಿಚ್ ಜರುಗಿದ ಮೇಲೆ ಚೈನು ಹೇಗಿತ್ತೋ ಹಾಗೇ ಇರುತ್ತದೆ. ಪ್ರತಿ ಒಳಕೊಂಡಿಯ ಜಾಗಕ್ಕೆ ಇನ್ನೊಂದು ಒಳಕೊಂಡಿ ಬಂದಿರುತ್ತದೆ. ಎರಡು ಪಿಚ್ ಅಂದರೆ 25.4 ಮಿ.ಮೀ., ಒಂಬತ್ತು ಭಾಗ ಮಾಡಿದರೆ ಒಂದಕ್ಕೆ 2.82. ಒಂಬತ್ತು ಚಿತ್ರ ತೆಗೆದು ಮತ್ತೆ ಮತ್ತೆ ಮೊದಲಿಂದ ಓಡಿಸಿದರೆ ಚೈನು ಎಷ್ಟು ಹೊತ್ತು ಬೇಕಾದರೂ ಓಡುತ್ತದೆ. ಹನ್ನೊಂದು ದಿನ ಒದ್ದಾಡಿದ್ದಕ್ಕೆ ಬೇಕಾದದ್ದು ಒಂಬತ್ತೇ ಚಿತ್ರ. ಹತ್ತನೆಯದನ್ನು ಸೇರಿಸಬೇಡಿ. ಅದು ಮೊದಲನೆಯದೇ, ಸೇರಿಸಿದರೆ ಪ್ರತಿ ಸುತ್ತಿಗೂ ಒಂದು ಎಡವು.

ಈ ಉಪಾಯ ಕೆಡುವುದು ಚೈನಿನಲ್ಲಿ ಅಥವಾ ಸ್ಪ್ರಾಕೆಟ್ಟಿನಲ್ಲಿ ಒಂಟಿ ಗುರುತೊಂದು ಇದ್ದಾಗ. ಸ್ಪ್ರಾಕೆಟ್ಟಿನ ಕೀ ಸ್ಲಾಟು, ಬೋಲ್ಟಿನ ತೂತುಗಳು ಎರಡು ಹಲ್ಲಿಗೊಮ್ಮೆ ಹಿಂದಕ್ಕೆ ಹಾರುತ್ತವೆ. ನಾನು ಒಂದು ವಾಷರ್ ಬಿಡಿಸಿ ಮುಚ್ಚಿದೆ. ಚೈನಿಗೆ ಎಂಟು ಪಿಚ್‌ಗೊಂದು ಬಕೆಟ್ ಇದ್ದರೆ ಎಂಟು ಪಿಚ್‌ನಷ್ಟು, ಅಂದರೆ 36 ಚಿತ್ರ ಬೇಕು.

ಚಿತ್ರ ತೆಗೆಯುವುದನ್ನೂ ಅದೇ ಪ್ರೋಗ್ರಾಮಿನಲ್ಲಿ ಮಾಡಿ: ಜರುಗಿಸು, ಪರದೆ ಹೊಸದಾಗಲಿ, ಸೇವ್ ಇಮೇಜ್ ಆಜ್ಞೆಗೆ 1920 ಮತ್ತು 1080 ಕೊಡು, ಮುಂದಿನದು. ಫೈಲಿನ ಹೆಸರಿಗೆ 0001, 0002 ಎಂದು ಸೊನ್ನೆ ತುಂಬಿಸಿ. ವಿಡಿಯೊ ಮಾಡಲು ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರು ಸಾಕು. ಪಿಕ್ಸೆಲ್ ಫಾರ್ಮ್ಯಾಟನ್ನು ವೈಯುವಿ420ಪಿ ಎಂದು ಕೈಯಾರೆ ಬರೆಯಿರಿ. ಬರೆಯದಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಓಡುವ ವಿಡಿಯೊ ಎಷ್ಟೋ ಫೋನುಗಳಲ್ಲಿ ಕಪ್ಪಾಗಿ ನಿಲ್ಲುತ್ತದೆ. ವಾಟ್ಸಾಪಿನಲ್ಲಿ ಕಳಿಸುವಾಗ ವಿಡಿಯೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಇಲ್ಲವಾದರೆ ಕೊಂಡಿಗಳೆಲ್ಲ ರಾಗಿ ಮುದ್ದೆಯ ಹಾಗೆ ಒಂದಾಗಿಬಿಡುತ್ತವೆ.

ಹೊಸ ವಿಡಿಯೊ ತೋರಿಸಿದಾಗ ಫಿಟ್ಟರ್ ಅಣ್ಣ ಫೋನನ್ನು ಹತ್ತಿರ ಹಿಡಿದು ಎರಡು ಸಲ ನೋಡಿದರು. "ಈಗ ಚೈನು ಆಯ್ತು. ಚೈನ್ ಲಾಕ್ ಎಲ್ಲಿ?" ಎಂದರು. ಚೈನಿನ ಎರಡು ತುದಿ ಕೂಡಿಸುವ, ಕ್ಲಿಪ್ ಇರುವ ಆ ಒಂದು ಕೊಂಡಿ. ಅದಿಲ್ಲದೆ ಈ ಚೈನನ್ನು ಹೇಗೆ ಹಾಕಿದಿರಿ ಎಂದು ಅವರ ಪ್ರಶ್ನೆ. ಒಂಟಿ ಕೊಂಡಿ ಬಂತೆಂದರೆ ಒಂಬತ್ತು ಚಿತ್ರದ ಉಪಾಯ ಸತ್ತಿತು, ಪೂರ್ತಿ 92 ಪಿಚ್ ಓಡಬೇಕು, 414 ಚಿತ್ರ, ಹದಿನಾರೂವರೆ ಸೆಕೆಂಡು. ರಾತ್ರಿಯಿಡೀ ಬಿಟ್ಟು ತೆಗೆದೆ. ಅಷ್ಟು ಓಡಿದ ಮೇಲೂ ಚಿಕ್ಕ ಸ್ಪ್ರಾಕೆಟ್ಟು ಐದು ಸುತ್ತು ಮುಗಿಸಿ ಇನ್ನೂ ಏಳು ಹಲ್ಲು ಮುಂದಿರುತ್ತದೆ, ವಾಷರ್ ತೆಗೆದರೆ ಕೀ ಸ್ಲಾಟು ಹಾರುವುದು ಕಾಣುತ್ತದೆ. ಹಾಗಾಗಿ ಕೂಡುವ ಜಾಗದಲ್ಲಿ ಕ್ಯಾಮೆರಾ ಬದಲಾಯಿಸಿ ಇನ್ನೊಂದು ಕೋನದಿಂದ ತೋರಿಸಿದೆ.

ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು. ಕ್ಲಿಪ್ಪಿನ ಮುಚ್ಚಿದ ಕಡೆ ಚೈನು ಓಡುವ ದಿಕ್ಕಿಗಿರಬೇಕು ಮೇಡಂ, ನೀವು ಸೀಳಿದ ಕಡೆ ಮುಂದೆ ಹಾಕಿದ್ದೀರಿ, ಹೀಗಿದ್ದರೆ ಏನಾದರೂ ತಗುಲಿ ಬಿಚ್ಚಿಕೊಳ್ಳುತ್ತದೆ. ಕ್ಲಿಪ್ಪನ್ನು ತಿರುಗಿಸಿ, ಮತ್ತೆ 414 ಚಿತ್ರ ತೆಗೆಯಲು ಹಚ್ಚಿ, ತಿಂಡಿಗೆ ಎದ್ದೆ.